ಶೇಕಡಾ ಹನ್ನೆರಡು

ಕೂದಲಿಗಾದರೆ ಮುಕ್ಕಾಲು ಗಂಟೆ.
ಪ್ಲಾಸ್ಟಿಕ್ಕಿಗೆ ಎರಡು ದಿನ,
ಅದೂ ಬಿಸಿಲಿದ್ದರೆ.
ಕ್ರೀಮು ಅದೇ, ಬಾಟಲಿ ಅದೇ,
ಮೂವತ್ತೊಂದು ವರ್ಷ ಔಲು ಪಟ್ಟಣದ ಹೆಂಗಸರ ತಲೆಗೆ
ಹಚ್ಚಿ ಹಚ್ಚಿ ನನ್ನ ಬೆರಳ ತುದಿ ಸುಟ್ಟದ್ದು.
ಸಲೂನು ಮುಚ್ಚಿದ ದಿನ ಹದಿನಾಲ್ಕು ಬಾಟಲಿ ಉಳಿದಿದ್ದವು.

ಈಗ ತಲೆಗಳಿಲ್ಲ, ಆಟಿಕೆಗಳು ಬರುತ್ತವೆ,
ಹಳೇ ಪತ್ರಿಕೆ ತುರುಕಿದ ಡಬ್ಬಗಳಲ್ಲಿ, ಟಪಾಲಿನಲ್ಲಿ:
ಚಹಾ ಬಣ್ಣದ ಆಂಬುಲೆನ್ಸು,
ಕಿಟಕಿಯ ಕಡೆಯ ಕೆನ್ನೆ ಮಾತ್ರ ಹಳದಿಯಾದ ರೋಬಾಟು,
ಮುದಿ ಹಲ್ಲಿನ ಬಣ್ಣಕ್ಕೆ ತಿರುಗಿದ ನಾಲ್ಕು ಕುದುರೆ.
ಜೊತೆಗೊಂದು ಚೀಟಿ: ಹೊಸದರ ಹಾಗೆ ಮಾಡಿಕೊಡಿ.
ನನ್ನ ಕುರ್ಚಿಯಲ್ಲಿ ಕೂತವರೂ ಇದನ್ನೇ ಕೇಳುತ್ತಿದ್ದರು,
ಕನ್ನಡಿಗೆ ಹೇಳುವಂತೆ, ನನಗಲ್ಲ.

ಚಳಿಗಾಲದಲ್ಲಿ ಕೆಲಸವಿಲ್ಲ.
ಡಿಸೆಂಬರಿನ ಸೂರ್ಯ ಹೊಸ್ತಿಲಲ್ಲೇ ನಿಂತು
ಬೂಟು ಬಿಚ್ಚದೆ ಹೊರಟುಹೋಗುವ ನೆಂಟ.
ಅವನೇ ಜೂನಿನಲ್ಲಿ ಬಂದರೆ ಏಳುವುದೇ ಇಲ್ಲ.
ರಾತ್ರಿ ಹನ್ನೊಂದಕ್ಕೂ ಬಾಲ್ಕನಿಗೆ ಹೋಗಿ
ತೆಳು ಹಾಳೆಯಲ್ಲಿ ಸುತ್ತಿಟ್ಟ ಒಂದೊಂದನ್ನೂ
ಮಗ್ಗುಲು ಹೊರಳಿಸುತ್ತೇನೆ.
ಒಂದೇ ಕಡೆ ಬಿದ್ದಿದ್ದರೆ ಪಟ್ಟೆ ಏಳುತ್ತದೆ,
ಆಮೇಲೆ ದೇವರೇ ಬಂದರೂ ಅಷ್ಟೆ.

ಕೌಕೋ ಟಪಾಲು ನಂಬದೆ ತಾನೇ ತಂದ.
ಸಿಟಿ ಬಸ್ಸು ಓಡಿಸುವವನು, ಐವತ್ತು ದಾಟಿದವನು,
ಯೂನಿಫಾರಮ್ಮಿನ ಜೇಬಿಂದ ತೆಗೆದಿಟ್ಟ
ಚಂದ್ರನ ಮೇಲೆ ಓಡುವ ಬಂಡಿ.
ಆರು ಚಕ್ರ. ಆಂಟೆನಾ ಮುರಿದಿದೆ.
ಹೆಲ್ಸಿಂಕಿಯಲ್ಲಿ ಯಾರೋ ಬೆಲೆ ಹೇಳಿದ್ದಾರಂತೆ,
ಬೆಳ್ಳಗಾದರೆ ಅದರ ಮೂರು ಪಟ್ಟು.

ಮೊದಲು ಸೋಪುನೀರು. ಯಾವಾಗಲೂ ಮೊದಲು ಸೋಪುನೀರು.
ಚಕ್ರದ ಸಂದಿಗೆ ಹೋದ ಹತ್ತಿಕಡ್ಡಿ
ಕಂದಾಗಿ ಹೊರಬಂತು. ಮೂಸಿದೆ.
“ಮನೆಯಲ್ಲಿ ಯಾರು ಸೇದುತ್ತಿದ್ದರು?”
ಸ್ವಲ್ಪ ತಡೆದು, “ಅಪ್ಪ,” ಎಂದ.
“ಅಡುಗೆಮನೆಯ ಮೇಜಿನಲ್ಲಿ.
ನಾನು ಮೇಜಿನ ಕೆಳಗೆ, ಚಂದ್ರನ ಮೇಲೆ.”

ಹೊಗೆಯ ಹಳದಿ ಹೊರಗಿನಿಂದ ಬಂದದ್ದು, ತೊಳೆದರೆ ಹೋಗುತ್ತದೆ.
ಉಳಿಯುವುದು ಒಳಗಿನ ಹಳದಿ:
ಬೆಂಕಿ ಹತ್ತದಿರಲೆಂದು ಕಾರ್ಖಾನೆಯಲ್ಲಿ ಬೆರೆಸಿದ್ದೇ
ಬೆಳಕು ತಾಗಿ ತಾಗಿ ಹೀಗಾಗುತ್ತದಂತೆ.
ಕಾಯಲೆಂದು ಹಾಕಿದ್ದೇ ಕೆಡಿಸುವುದು
ಎಂದು ಬಿಡಿಸಿ ಹೇಳುತ್ತಲೇ ಇದ್ದೆ.
ಅವನ ಕಣ್ಣು ಕಡ್ಡಿಯ ತುದಿಯಲ್ಲಿ.
“ಅದನ್ನ ಬಿಸಾಡಬೇಡಿ.”

ಹನ್ನೊಂದು ಕಡ್ಡಿಯಾದವು.
ಒಂದು ಜಾಮಿನ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದೆ.

ಅವನು ಹೋದ ಮೇಲೆ ಬಾಗಿಲ ಸ್ಟಿಕ್ಕರಿಗೆ
ಕೂದಲೊಣಗಿಸುವ ಯಂತ್ರದ ಬಿಸಿಗಾಳಿ ಹಿಡಿದೆ.
ಮೆಲ್ಲಗೆ ಎದ್ದುಬಂತು.
ಅಡಿಯಲ್ಲಿ ಅಂಚೆಚೀಟಿಯಷ್ಟಗಲ ಬಿಳಿ,
ಎಂಬತ್ತಮೂರನೇ ಇಸವಿಯದು,
ಹುಡುಗನೂ ನೋಡಿರದ ಬಿಳಿ.
ಅದು ನನ್ನನ್ನೇ ನೋಡಿತು, ನಿನ್ನ ಕೈಲಾದೀತೇ ಎಂಬಂತೆ.

ಆಯಿತು. ಎರಡೂವರೆ ದಿನ ಹಿಡಿಯಿತು, ನಡುವೆ ಮೋಡ.
ಮೂರನೇ ದಿನ ಬಂದ ಕೌಕೋಗೆ ಇದ್ದದ್ದು ಇದ್ದಂತೆ ಹೇಳಿದೆ:
ಈ ಬಿಳಿ ನಿಲ್ಲುವುದಿಲ್ಲ,
ಕತ್ತಲ ಡ್ರಾಯರಿನಲ್ಲಿಟ್ಟರೂ ನಾಲ್ಕೈದು ವರ್ಷಕ್ಕೆ
ಹೋದ ಹಳದಿ ದಾರಿ ಹುಡುಕಿಕೊಂಡು ಬರುತ್ತದೆ.
ಕೂದಲ ಬುಡದಲ್ಲಾದರೆ ಆರೇ ವಾರ.
ನನ್ನ ಹೊಟ್ಟೆ ತುಂಬಿದ್ದೇ ಆ ಆರು ವಾರಗಳಿಂದ.

ನಕ್ಕ. ದುಡ್ಡು ಎಣಿಸಿಟ್ಟ.
ಬಂಡಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ,
ಪಕ್ಕದ ಮನೆಯವರ ಮಗುವನ್ನು ನೋಡುವ ಹಾಗೆ.
ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಎಂದ.
ಎಂಟನೇ ನಂಬರಿನ ಬಸ್ಸು, ಹೊತ್ತಾಯಿತು ಎಂದು
ಮೆಟ್ಟಿಲಿಳಿದು ಓಡಿದ.

ಬಂಡಿ ಮೇಜಿನ ಮೇಲೇ ಇತ್ತು.
ಸೀಸೆ ಇರಲಿಲ್ಲ.

ಫೋನು ಮಾಡಬೇಕು. ನಾಳೆ ಮಾಡಿದರಾಯಿತು.
ರಾತ್ರಿ ಹತ್ತೂವರೆ, ಬಿಸಿಲು ಇನ್ನೂ ರೇಲಿಂಗಿನ ಮೇಲಿದೆ,
ಕುದುರೆಗಳನ್ನು ಹೊರಳಿಸಬೇಕು.